ನರ್ಸಬಾಯಿಯ ಕೈಯಲ್ಲಿದ್ದ ಮೂರು ಮಾತ್ರೆ

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಗಟ್ಟಿಮುಟ್ಟಾದ ಬಾಣಂತಿಯೂ ಕೆಲವೇ ತಾಸುಗಳಲ್ಲಿ ಜೀವ ಬಿಡುತ್ತಾಳೆ. ಮೂಡಲಗಿಯ ಕಬ್ಬಿನ ನಡುವಿನ ತೋಟದ ಮನೆಯಿಂದಲೋ ಹುಕ್ಕೇರಿಯ ಗುಡ್ಡದ ವಾಡಿಯಿಂದಲೋ ಗಾಡಿ ಹೊಂದಿಸಿ ದವಾಖಾನೆ ಮುಟ್ಟಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಗೋಕಾಕದ ಲೋಳಸೂರ ಸೇತುವೆಯೇ ಮುಳುಗಿತ್ತು. ಅಂಥ ದಿನ ತಾಯಿಗೆ ಆಸರೆ ಊರಿನಲ್ಲೇ ಇರುವ ಆಶಾ ಕಾರ್ಯಕರ್ತೆ, ಉಪಕೇಂದ್ರದ ನರ್ಸಬಾಯಿ.

ಆ ನರ್ಸಬಾಯಿಯನ್ನು ನಂಬಿದರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ್ದು ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಇಲ್ಲಿ 1,620 ಬಾಣಂತಿಯರ ಮೇಲೆ ಅಧ್ಯಯನ ನಡೆಸಿದರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್‌ನ ಮೂರು ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ನರ್ಸಬಾಯಿಯರು. ಸೂಜಿ ಬೇಡ, ಫ್ರಿಜ್ ಬೇಡ. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು; 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗಿಂತ ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು ಅದೇ ಅಧ್ಯಯನದಲ್ಲಿ ರಕ್ತ ಅಳೆಯಲು ಬಳಸಿದ ಒಂದು ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ತುದಿಯ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲಿನ ಗೆರೆ ನೋಡಿ ಎಷ್ಟು ಹೋಯಿತೆಂದು ಹೇಳಬಹುದು. ಬರೀ ಕಣ್ಣಂದಾಜಿನಲ್ಲಿ ಮೂರನೇ ಒಂದು ಪಾಲು ಲೆಕ್ಕ ತಪ್ಪುತ್ತಿತ್ತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥದೇ ಅಳತೆ ಹಾಳೆಯ ಜೊತೆಗೆ ತಕ್ಷಣದ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವದ ಪ್ರಕರಣಗಳು ಬಹಳ ಕಡಿಮೆಯಾದವು.

ಹಾಗೆಂದು ಎಲ್ಲ ಭಾರವನ್ನೂ ನರ್ಸಬಾಯಿಯ ತಲೆಗೆ ಕಟ್ಟುವಂತಿಲ್ಲ. 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ, ಅದರಲ್ಲಿ ಹೆರಿಗೆ ತಜ್ಞರು, ಮಕ್ಕಳ ವೈದ್ಯರು ಇರಬೇಕೆಂಬುದು ಸರ್ಕಾರದ್ದೇ ಲೆಕ್ಕ. ತಜ್ಞರ ಕುರ್ಚಿ ಖಾಲಿಯಿದ್ದರೆ ಬಡವರ ಪಾಲಿಗೆ ಉಳಿಯುವುದು ಸಾಲ ಮಾಡಿ ಖಾಸಗಿ ದವಾಖಾನೆಗೆ ಹೋಗುವುದೊಂದೇ.

ಈ ಆರೈಕೆಯಿಂದ ಎಲ್ಲರಿಗಿಂತ ದೂರ ಉಳಿದವರು ಬೇರೆ ಊರುಗಳಿಂದ ಬಂದು ಕಬ್ಬು ಕಡಿಯುವ ಗ್ಯಾಂಗ್‌ನ ಹೆಣ್ಣುಮಕ್ಕಳು. ತಾಯಿ ಕಾರ್ಡ್ ತವರೂರಿನದು, ಗುಡಿಸಲು ಇಲ್ಲಿನ ಹೊಲದ ಬದುವಿನಲ್ಲಿ; ಇಲ್ಲಿನ ಆಶಾ ಬಳಿ ಅವರ ಹೆಸರಿರುವುದಿಲ್ಲ. ಹಂಗಾಮಿಗೆ ಮೊದಲೇ ಸಕ್ಕರೆ ಕಾರ್ಖಾನೆಗಳಿಂದ ಗ್ಯಾಂಗ್‌ಗಳ ಪಟ್ಟಿ ತರಿಸಿ, ಬಸುರಿಯರ ಹೆಸರು ಬರೆದುಕೊಂಡು, ಹತ್ತಿರದ ಉಪಕೇಂದ್ರಕ್ಕೆ ಒಪ್ಪಿಸುವ ಕೆಲಸವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳು ಈ ವರ್ಷವೇ ಶುರು ಮಾಡಬಹುದು.