ನಂಜುಂಡನ ಪ್ರಾಕಾರದಲ್ಲಿ ಒಂದು ಸುತ್ತು

‘ಪರೀಕ್ಷೆಗೆ ಮುಂಚೆ ಒಮ್ಮೆ ನಂಜುಂಡನಿಗೆ ಕೈಮುಗಿದು ಬರೋಣ’ – ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತಿದು. ಕಪಿಲೆಯಲ್ಲಿ ಮಿಂದು, ಸಾಲಿನಲ್ಲಿ ನಿಂತು, ಅರೆಕ್ಷಣ ಶ್ರೀಕಂಠೇಶ್ವರನ ದರ್ಶನ ಪಡೆದರೆ ಮುಗಿಯಿತು, ಮುಂದಿನ ಬಸ್ಸಿಗೆ ಓಟ!

ಆದರೆ ನಂಜನಗೂಡಿನ ಈ ದೇಗುಲ 385 ಅಡಿ ಉದ್ದ, 160 ಅಡಿ ಅಗಲವಿದೆ. ಒಂಬತ್ತು ನೆಲೆಯ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದರು. ಅದನ್ನು ತಲೆಯೆತ್ತಿ ನೋಡುವವರೂ ಒಳಗಿನ ಕೈಸಾಲೆಯಲ್ಲಿ ನಿಲ್ಲುವುದು ಅಪರೂಪ.

ಅಲ್ಲಿ ಅರವತ್ತಮೂರು ಪುರಾತನರ ವಿಗ್ರಹಗಳಿವೆ. ಇವರೆಲ್ಲ ತಮಿಳು ಶೈವ ಪರಂಪರೆಯ ಶಿವಭಕ್ತರು. ರಾಜ್‌ಕುಮಾರ್ ಅಭಿನಯದ, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಕನ್ನಡಿಗರಿಗೆಲ್ಲ ಪರಿಚಿತನಾದ ಕಣ್ಣಪ್ಪ ಈ ಬಳಗದವನೇ. ಕುಂಬಾರ ತಿರುನೀಲಕಂಠ, ಬೆಸ್ತರ ಅದಿಪತ್ತ, ಕಾರೈಕಾಲ್ ಅಮ್ಮೆ, ದೊರೆ ಚೇರಮಾನ್ ಪೆರುಮಾಳ್ ಕೂಡ ಇದೇ ಬಳಗದವರು. ಅರಸನಿಗೂ ಕುಂಬಾರನಿಗೂ ಒಂದೇ ಸಾಲು! ಸಮಾಜ ಪಾಠದ ಒಂದು ಅಧ್ಯಾಯ ಇಲ್ಲಿ ಕಲ್ಲಿನಲ್ಲಿ ನಿಂತಿದೆ.

ಇನ್ನು ಟಿಪ್ಪು ಸುಲ್ತಾನ ಅರ್ಪಿಸಿದ ಪಚ್ಚೆಲಿಂಗ. ಅವನ ಪಟ್ಟದಾನೆಯ ಕಣ್ಣುಬೇನೆ ನಂಜುಂಡನ ಸೇವೆಯಿಂದ ವಾಸಿಯಾಯಿತೆಂದೂ, ಅದಕ್ಕೇ ಅವನು ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಪ್ರತೀತಿ. ಆನೆಯ ಕಥೆ ನಂಬಿಕೆ. ಲಿಂಗ ಕಣ್ಣೆದುರಿನ ಸಾಕ್ಷಿ. ಕಥೆ ಯಾವುದು, ಸಾಕ್ಷಿ ಯಾವುದು ಎಂದು ಬೇರ್ಪಡಿಸಿ ನೋಡುವುದೇ ಇತಿಹಾಸದ ಮೊದಲ ಪಾಠವಲ್ಲವೆ?

ಸಮಯವಿದ್ದರೆ ಕಪಿಲೆಯ ಜಾಡು ಹಿಡಿದು ತಿರುಮಕೂಡಲು ನರಸೀಪುರಕ್ಕೂ ಹೋಗಿಬನ್ನಿ. ಅಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. ಸಂಗಮದ ಬಳಿಯ ಗುಂಜಾ ನರಸಿಂಹನ ಮುಖ ನೋಡಿ ಕೈಮುಗಿಯುವ ನಾವು ಅವನ ಕೈಯನ್ನು ಗಮನಿಸುವುದಿಲ್ಲ. ಅಲ್ಲಿರುವುದು ಗುಲಗಂಜಿ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಪುಟ್ಟ ಬೀಜ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸಾರುವ ಬಗೆ ಇದು. ಊರಿನ ಅಭಿಮಾನಕ್ಕೆ ಅಷ್ಟು ಸಣ್ಣ ಬೀಜ ಸಾಕಾಯಿತು!

ಇವನ್ನೆಲ್ಲ ನೋಡಲು ಹೆಚ್ಚಿನ ಖರ್ಚಿಲ್ಲ. ಬೇಕಾದುದು ಅರ್ಧ ಗಂಟೆಯ ಬಿಡುವು ಮತ್ತು ‘ಇವರು ಯಾರಮ್ಮಾ?’ ಎಂದು ಮಗು ಕೇಳಿದಾಗ ‘ಸುಮ್ಮನೆ ಬಾ’ ಎನ್ನದ ತಾಳ್ಮೆ. ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಪ್ರಶ್ನೆಯನ್ನು ಬರೆದುಕೊಳ್ಳಲಿ, ಶಾಲೆಯಲ್ಲಿ ಮೇಷ್ಟರನ್ನು ಕೇಳಲಿ. ಆ ಬಸ್ಸು ತಪ್ಪಿದರೆ ಇನ್ನೊಂದು ಬಂದೇ ಬರುತ್ತದೆ.