ಬಾಯಿ ಬಿಡದ ಮಾತಿನ ಬೆಲೆ

1990ರ ದಶಕದ ಆರಂಭದಲ್ಲಿ ನಾನು ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದೆ. ಮಾಸಿಕ ಪರಿಶೀಲನಾ ಸಭೆಗಳಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆಯ ಗುರಿ ಎಷ್ಟು, ಸಾಧನೆ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಒಮ್ಮೆ ಆರೋಗ್ಯ ಸಹಾಯಕಿಯೊಬ್ಬರು ಅಳುಕುತ್ತಲೇ ಹೇಳಿದರು: ‘ಸಾರ್, ಹೆಂಗಸರು ನಮ್ಮಲ್ಲಿ ಹೇಳಿಕೊಳ್ಳುವುದು ಬಿಳಿ ಹೋಗುವುದರ ಬಗ್ಗೆ. ಅದಕ್ಕೆ ನಮೂನೆಯಲ್ಲಿ ಕಲಮೇ ಇಲ್ಲ.’ ನಾನು ಮುಜುಗರದಿಂದ ಮಾತು ಬದಲಿಸಿದೆ.

ಆ ಮುಜುಗರದ ಬೆಲೆ ತಿಳಿದದ್ದು ನಿವೃತ್ತಿಯ ನಂತರ. ಮುಟ್ಟು ನಿಂತ ಮೇಲೆ ನನ್ನ ಪತ್ನಿ ಯೋನಿಯ ಶುಷ್ಕತೆ, ಉರಿಯನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದಳು. ‘ವಯಸ್ಸಾಯಿತಲ್ಲ, ಇದ್ದದ್ದೇ’ ಎಂದುಕೊಂಡು ನನಗೂ ಹೇಳಿರಲಿಲ್ಲ. ಈಸ್ಟ್ರೋಜೆನ್ ಹಾರ್ಮೋನು ಕುಗ್ಗಿದಾಗ ಒಳಪದರ ತೆಳುವಾಗಿ ತೇವ ಆರುತ್ತದೆ, ಇದಕ್ಕೆ ಚಿಕಿತ್ಸೆಯಿದೆ ಎಂದು ವೈದ್ಯೆ ವಿವರಿಸಿದರು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ತೇವವು ಆರೋಗ್ಯದ ಲಕ್ಷಣವೆಂದು ನಾವು ಹೆಣ್ಣುಮಕ್ಕಳಿಗೆ ಕಲಿಸಿಯೇ ಇಲ್ಲ. ಹರೆಯದಿಂದ ಮುಟ್ಟು ನಿಲ್ಲುವವರೆಗೆ ಯೋನಿಯ ಒಳಗೋಡೆಯಿಂದಲೂ ಗರ್ಭಕೊರಳಿನಿಂದಲೂ ದ್ರವ ಒಸರುವುದು ಸಹಜ. ಅಂಡೋತ್ಪತ್ತಿಯ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆಯೆಳೆಯಾಗುತ್ತದೆ, ಗರ್ಭಿಣಿಯರಲ್ಲಿ ಹೆಚ್ಚುತ್ತದೆ. ಅಲ್ಲಿ ನೆಲೆಸಿರುವ ಲ್ಯಾಕ್ಟೊಬ್ಯಾಸಿಲಸ್ ಸೂಕ್ಷ್ಮಜೀವಿಗಳು ಆಮ್ಲೀಯತೆಯನ್ನು ಕಾಯ್ದು ಸೋಂಕನ್ನು ತಡೆಯುತ್ತವೆ. ಸಾಬೂನಿನಿಂದ ಒಳಗೆ ತೊಳೆದರೆ ಈ ಕಾವಲೇ ಕೆಡುತ್ತದೆ. ಆದರೆ ತುರಿಕೆ, ದುರ್ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಕಿಬ್ಬೊಟ್ಟೆ ನೋವು ಇದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ವೈದ್ಯರನ್ನು ಕಾಣಲು ತಡಮಾಡಬಾರದು.

ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ, 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಶೇ 92 ಮಂದಿಗೆ ಕಾಯಿಲೆಗಳಿದ್ದವು. ಹಿಂದೆ ತಪಾಸಣೆ, ಚಿಕಿತ್ಸೆ ಪಡೆದಿದ್ದವರು ಶೇ 8 ಮಾತ್ರ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ತಂಡ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು: ಬಿಳಿ ಹೋಗುವ ದೂರಿಗೆ ಸೋಂಕಿಗಿಂತ ಮನಸ್ಸಿನ ಒತ್ತಡ, ಬದುಕಿನ ಸಂಕಷ್ಟಗಳ ನಂಟೇ ಗಾಢವಾಗಿತ್ತು.

ಮಾಹಿತಿ ಇಲ್ಲದೆಡೆ ಮಾರುಕಟ್ಟೆ ಸೋಲುತ್ತದೆ ಎಂಬುದು ಅರ್ಥಶಾಸ್ತ್ರದ ಪಾಠ. ಇಲ್ಲಿ ನಷ್ಟ ಎರಡು ಬಗೆಯದು: ಆರೋಗ್ಯವಂತೆ ಬೇಡದ ಔಷಧಿಗೆ ಹಣ ಸುರಿಯುತ್ತಾಳೆ, ರೋಗವಿರುವವಳು ಬಾಯಿ ಬಿಡದೆ ನರಳುತ್ತಾಳೆ. ಕೇಂದ್ರ ಸರ್ಕಾರ 1996ರಲ್ಲಿ ಆ ಗುರಿ ಪದ್ಧತಿಯನ್ನು ಕೈಬಿಟ್ಟಿತು. ಮನೆಯೊಳಗಿನ ಮೌನವನ್ನು ತೆಗೆಯಲು ಯಾವ ಸುತ್ತೋಲೆಯೂ ಬರುವುದಿಲ್ಲ. ಮಗಳಿಗೆ ಮುಟ್ಟಿನ ಬಗ್ಗೆ ಹೇಳುವ ತಾಯಿ ಇದನ್ನೂ ಹೇಳಲಿ. ಗಂಡಸರಾದ ನಾವು, ಕನಿಷ್ಠಪಕ್ಷ, ಮಾತು ಬದಲಿಸದೆ ಕೇಳಿಸಿಕೊಳ್ಳೋಣ.