ನಿಮಗಿದು ಗೊತ್ತೆ? ಮಂಗನ ಕಾಯಿಲೆಗೆ ಮದ್ದಿನ ಹುಡುಕಾಟ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ, ಪಟ್ರಮೆ ಕಡೆಯ ಕಾಡಂಚಿನ ಜನರನ್ನು ನಡುಗಿಸಿತ್ತು. ಹರಡುವುದು ಉಣುಗಿನಿಂದ, ಹೆಸರು ಮಾತ್ರ ಪಾಪದ ಮಂಗನದು!

ಇದಕ್ಕೆಂದೇ ಮದ್ದು ಇಂದಿಗೂ ಇಲ್ಲ. ಆಸ್ಪತ್ರೆಯಲ್ಲಿ ಕೊಡುವುದು ದ್ರವ, ಅಗತ್ಯವಿದ್ದರೆ ರಕ್ತ, ಜೊತೆಗೆ ಆರೈಕೆ. ಇದರ ವೈರಸ್ ಡೆಂಗಿ ವೈರಸ್ಸಿನ ದಾಯಾದಿ. ಹಾಗಾಗಿ ಡೆಂಗಿಗೆಂದು ಸಿಂಗಾಪುರದಲ್ಲಿ ರೂಪಿಸಿದ ‘ಎನ್‌ಐಟಿಡಿ008’ ಎಂಬ ರಾಸಾಯನಿಕವನ್ನು ಇದರ ಮೇಲೂ ಪರೀಕ್ಷಿಸಿದರು. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ವೈರಸ್ಸನ್ನು ತಡೆಯಿತು. ಆದರೆ ಎರಡು ವಾರ ಕೊಟ್ಟಾಗ ಇಲಿ, ನಾಯಿಗಳಿಗೇ ಒಗ್ಗಲಿಲ್ಲ. ಅಲ್ಲಿಗೆ ಆಸೆ ಮುರಿಯಿತು.

ಮದ್ದಿಲ್ಲದ ಕಾರಣ ಎಚ್ಚರವಿರಲಿ: ತೋಟದಲ್ಲೋ ಕಾಡಿನಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.